ಇ.ವಿ. ರೇಂಜ್: 585, 502, 521, 420. ಯಾವುದನ್ನು ಯಾವುದಕ್ಕೆ ಹೋಲಿಸೋದು?

ಪ್ರಶ್ನೆ (ಕೋಥ್ರೂಡ್, ಪುಣೆ)

ನಮಸ್ಕಾರ. 55 ಯೂನಿಟ್ ಬ್ಯಾಟರಿಯ ಟಾಟಾ ಕರ್ವ್, 60.48 ಯೂನಿಟ್‌ನ ಬಿವೈಡಿ ಆಟೊ 3, ಈ ಎರಡು ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದನ್ನು ಆರಿಸಬೇಕು. ಫುಲ್ ಚಾರ್ಜ್‌ಗೆ ಎಷ್ಟು ದೂರ (ರೇಂಜ್) ಅಂತ ನೋಡಿದರೆ ಕರ್ವ್‌ಗೆ ಒಂದು ಕಡೆ 585 ಕಿ.ಮೀ., ಇನ್ನೊಂದು ಕಡೆ 502. ಆಟೊಗೆ ಇಲ್ಲಿ 521, ಯುರೋಪಿನಲ್ಲಿ 420. ಸಣ್ಣ ಬ್ಯಾಟರಿಯೇ ಜಾಸ್ತಿ ದೂರ ಹೋಗುತ್ತಾ? ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗೋದಿದೆ.

ಉತ್ತರ 1 (ಪಿಂಪ್ರಿ)

ಗಾಡಿ ಅದೇ ಸರ್, ಪರೀಕ್ಷೆ ಬೇರೆ. ಭಾರತದಲ್ಲಿ ರೇಂಜ್ ಅಳೆಯೋ ಪರೀಕ್ಷೆಗೆ ಎಂಐಡಿಸಿ ಅಂತಾರೆ. ಅದರ ಮೊದಲ ಭಾಗ ಬರೀ ಸಿಟಿ ಓಟ: ಗರಿಷ್ಠ ವೇಗ ಗಂಟೆಗೆ 50 ಕಿ.ಮೀ., ಸರಾಸರಿ 19ರ ಆಸುಪಾಸು. ಎರಡನೇ ಭಾಗದಲ್ಲಿ 90ರವರೆಗೆ ಹೋಗುತ್ತೆ. ಕರ್ವ್‌ನ 585 ಮೊದಲ ಭಾಗದ್ದು ಮಾತ್ರ, ಎರಡೂ ಸೇರಿದರೆ 502. ಯುರೋಪಿನ ಪರೀಕ್ಷೆಯಾದ ಡಬ್ಲ್ಯುಎಲ್‌ಟಿಪಿಯಲ್ಲಿ ವೇಗ 131 ಮುಟ್ಟುತ್ತೆ, ಸರಾಸರಿ 46.5. ಈ ಪರೀಕ್ಷೆಗಳಲ್ಲಿ ಎ.ಸಿ. ಆಫ್ ಇರುತ್ತೆ ಅನ್ನೋದನ್ನೂ ಮರೀಬೇಡಿ. ಬ್ರೋಷರ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಭಾಗ 1" ಅಂತಿದೆಯೋ "1+2" ಅಂತಿದೆಯೋ ನೋಡದೆ ಎರಡು ಗಾಡಿಯ ಅಂಕಿಗಳನ್ನು ಅಕ್ಕಪಕ್ಕ ಇಡಲೇಬೇಡಿ. ಟಾಟಾದವರು ಸಿ75 ಅಂತ, ಅಂದರೆ ಶೇ. 75 ಗ್ರಾಹಕರಿಗೆ ನಿಜವಾಗಿ ಸಿಗೋ ರೇಂಜ್ ಅಂತ, ಬೇರೆ ಅಂದಾಜನ್ನೂ ಕೊಡ್ತಾರೆ, ಕರ್ವ್‌ಗೆ ಅದು 400–425. ನನ್ನ ಪ್ರಕಾರ ಕೊಳ್ಳುವವರಿಗೆ ಬೇಕಾದ ಅಂಕಿ ಅದೇ.

ಉತ್ತರ 2 (ಹಡಪ್ಸರ್)

ಕಿ.ಮೀ. ಬಿಟ್ಟು, ಕಿ.ಮೀ.ಗೆ ಎಷ್ಟು ವ್ಯಾಟ್-ಅವರ್ ಅಂತ ಲೆಕ್ಕ ಹಾಕಿ (ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್). ಆಟೊ: 60,480 ÷ 521 = 116, 60,480 ÷ 420 = 144. ಎ.ಸಿ. ಹಾಕಿ, ಜನ ತುಂಬಿಸಿ, ಹೆದ್ದಾರಿಯಲ್ಲಿ 90–100ರಲ್ಲಿ ಹೋಗುವಾಗ ಈ ಗಾತ್ರದ ಗಾಡಿಗೆ 165 ಇಟ್ಟುಕೊಳ್ಳಿ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆಯೊಂದೇ 1.56 ಪಟ್ಟು.

ಬೆಳಗಾವಿ ಸುಮಾರು 340 ಕಿ.ಮೀ. ಬ್ಯಾಟರಿಯಲ್ಲಿ ಶೇ. 10 ಉಳಿಸಿಕೊಂಡರೆ ಆಟೊ 330 ಕಿ.ಮೀ. ಹೋಗುತ್ತೆ, ಕರ್ವ್ 300. ಎರಡಕ್ಕೂ ದಾರಿಯಲ್ಲಿ ಚಾರ್ಜ್ ಬೇಕೇ ಬೇಕು. ಕರ್ವ್‌ನಲ್ಲಿ ಕೊಲ್ಲಾಪುರ ಮುಟ್ಟೋವಾಗ 38 ಯೂನಿಟ್ ಖರ್ಚಾಗಿ 17 ಉಳಿದಿರುತ್ತೆ. ಅಲ್ಲಿಂದ ಮುಂದಕ್ಕೆ ಉಳಿಕೆಯೂ ಸೇರಿ 24 ಬೇಕು. ಶೇ. 50ರವರೆಗೆ ತುಂಬಿಸಿ ಹೊರಡಿ, ನೂರಕ್ಕೆ ಕಾಯಬೇಡಿ, ಶೇ. 80 ದಾಟಿದ ಮೇಲೆ ಡಿ.ಸಿ. ಚಾರ್ಜಿಂಗ್ (ದಾರಿಬದಿಯ ಫಾಸ್ಟ್ ಚಾರ್ಜಿಂಗ್) ತೀರಾ ನಿಧಾನ.

ಒಂದು ಎಚ್ಚರ: ಡಬ್ಲ್ಯುಎಲ್‌ಟಿಪಿ ಪಟ್ಟಿಯಲ್ಲಿ ಆಟೊಗೆ 100 ಕಿ.ಮೀ.ಗೆ 15.6 ಯೂನಿಟ್ ಅಂತಿದೆ. ಅದು ಗೋಡೆಯ ಪ್ಲಗ್‌ನಿಂದ ಎಳೆದದ್ದು, ಚಾರ್ಜ್ ಮಾಡುವಾಗ ಆಗೋ ನಷ್ಟವೂ ಅದರಲ್ಲೇ ಇದೆ. ಬ್ಯಾಟರಿಯನ್ನು ಅದರಿಂದ ಭಾಗಿಸಿದರೆ ರೇಂಜ್ ತಪ್ಪಾಗಿ ಕಮ್ಮಿ ಬರುತ್ತೆ. ಕರೆಂಟ್ ಬಿಲ್ ಲೆಕ್ಕಕ್ಕೆ ಮಾತ್ರ ಅದನ್ನು ಹಿಡಿಯಿರಿ.

ಉತ್ತರ 3 (ಪನ್ವೇಲ್)

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನೀವೇ ರೇಂಜ್ ಅಳೆಯೋದಾದರೆ ಹೋಗಿ-ಬರೋದು ಎರಡನ್ನೂ ಸೇರಿಸಿ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಜನ ಸೇರಿ 2 ಟನ್ ಗಾಡಿಯಾದರೆ ಏರಿಕೆಗೇ 3 ಯೂನಿಟ್ ಹೋಗುತ್ತೆ. ಇಳಿಯುವಾಗ ರೀಜೆನ್ (ವೇಗ ತಗ್ಗಿಸುವಾಗ ಮೋಟಾರೇ ಬ್ಯಾಟರಿಗೆ ಕರೆಂಟ್ ತುಂಬೋದು) ಅದರಲ್ಲಿ ಒಂದು ಪಾಲನ್ನಷ್ಟೇ ವಾಪಸ್ ಕೊಡುತ್ತೆ. ಲೋಣಾವಳದಿಂದ ಖೋಪೋಲಿಗೆ ಇಳಿಯೋವಾಗ ಮೀಟರ್‌ನ ರೇಂಜ್ ಕರಗದೆ ನಿಂತಿರುತ್ತೆ, ಅದನ್ನು ನಂಬಿ ಹೋದರೆ ಸಪಾಟು ರಸ್ತೆಗೆ ಬಂದಮೇಲೆ ಸರಸರ ಇಳಿಯುತ್ತೆ. ಆ ಅಂಕಿ ಈಚಿನ ಓಟದ ಮೇಲೆ ಕಟ್ಟಿದ ಅಂದಾಜು ಅಷ್ಟೇ. ಫುಲ್ ಚಾರ್ಜ್ ಆದಾಗ ಓಡಿದ ದೂರ ತೋರಿಸೋ ಟ್ರಿಪ್ ಮೀಟರ್ (ಟ್ರಿಪ್ ಬಿ) ರೀಸೆಟ್ ಮಾಡಿ, ಅಷ್ಟು ದೂರಕ್ಕೆ ಬ್ಯಾಟರಿಯ ಶೇಕಡಾವಾರು ಎಷ್ಟು ಇಳಿಯಿತು ಅಂತ ನೋಡಿ. ಹೊರಡೋ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ.