ಹಾಲ್ ಫೋಟೋ ಹಸಿರು ಬರ್ತೈತಿ, ಸರಿ ಮಾಡಿದ್ರ ಗೋಡಿ ಗುಲಾಬಿ. ಯಾರಾರ ಹೇಳ್ರಿ

ಬಳ್ಳಾರಿ_ಫ್ರೇಮ್:
ತಲಿ ಮೊಸರಗಡಗಿ ಆಗೈತ್ರಿ. ಗಾಂಧಿನಗರದಾಗ ಬಾಡಿಗಿಗೆ ಇರೋ 2 ಬಿಎಚ್‌ಕೆ ಶೂಟ್ ಮಾಡೀನಿ. ಹಾಲ್‌ನಾಗ ಕಿಟಕಿ ಕಡಿ ಸೀಲಿಂಗು, ನೆಲ ಎಲ್ಲಾ ಹಸಿರು. ಫೋಟೋ ತಿದ್ದೋ ಲೈಟ್‌ರೂಮ್‌ನಾಗ ಟಿಂಟ್ (ಹಸಿರು-ಗುಲಾಬಿ ಹೆಚ್ಚು ಕಮ್ಮಿ ಮಾಡೋ ಪಟ್ಟಿ) ಎಳದ್ರ ಈ ಕಡಿ ಗೋಡಿ ಗುಲಾಬಿ ಆಕ್ಕೈತಿ. ಓನರ್ "ಮನಿಗೆ ಪಾಚಿ ಹಿಡದಂಗ ಕಾಣ್ತೈತಲ್ರೀ" ಅಂತ ಎರಡು ಸಲ ವಾಪಸ್ ಕಳಿಸ್ಯಾರ. ನಾಳಿ ಸಂಜಿಗೆ ಕೊಡಬೇಕು.

ರಾಯಚೂರು_ರಾ:
ಟ್ಯೂಬ್‌ಲೈಟ್ ಫ್ಲಿಕರ್ ಅದ ಇದು, ಕಣ್ಣು ಮುಚ್ಚಿ ಹೇಳ್ತೀನಿ. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕ್ತದ. ಶಟರ್ 1/50 ಇಲ್ಲಾ 1/100 ಸೆಕೆಂಡಿಗೆ ಇಡು.

ಕೊಪ್ಪಳ_ವೈಡ್:
ಶಟರ್ ಎಷ್ಟಿತ್ತು, ಲೈಟ್ ಹಚ್ಚಿದ್ದೇನು, ಫ್ಲ್ಯಾಶ್ ಹೊಡದೇನು? ಒಂದೂ ಬರದಿಲ್ಲಲ್ಲಪಾ.

ಬಳ್ಳಾರಿ_ಫ್ರೇಮ್:
ರಾ ಫೈಲು, ಎಫ್/8, ಐಎಸ್‌ಒ 200, 1/4, ಟ್ರೈಪಾಡ್. ಮನಿ ಬೆಳ್ಳಗ ಕಾಣ್ಲಿ ಅಂತ ಲೈಟ್ ಎಲ್ಲಾ ಹಚ್ಚಿದ್ದೆ. ಫ್ಲ್ಯಾಶ್ ಬ್ಯಾಗಿನಾಗ ಇತ್ತು.

ಕೊಪ್ಪಳ_ವೈಡ್:
ಬ್ಯಾಗಿನಾಗ ಇಟ್ಟು ಉಪ್ಪಿನಕಾಯಿ ಹಾಕ್ತೀಯೇನು? 1/4 ಸೆಕೆಂಡಿನಾಗ ಟ್ಯೂಬ್ 25 ಸಲ ಮಿಣುಕಿ ಮುಗದಿರ್ತೈತಿ, ಫ್ಲಿಕರ್ ಪಟ್ಟಿ ಬರಂಗಿಲ್ಲ. ರಾಯಚೂರಣ್ಣಾ, ಅದನ್ನ ಬಿಡ್ರಿ.

ರಾಯಚೂರು_ರಾ:
ಹಂಗಾದ್ರ ಅಗ್ಗದ ಎಲ್‌ಇಡಿ. ಅವು ಹಸಿರು ಹೊಡೀತಾವ. ಬ್ರಾಂಡ್ ಯಾವುದು ತಮ್ಮಾ?

ಹಂಪಿ_ಎಚ್‌ಡಿಆರ್:
ಯಾಕ ಇಷ್ಟು ಗುದ್ದಾಡ್ತೀರಿ. ಬೆಳಕು 2 ಸ್ಟಾಪ್ ಹೆಚ್ಚು ಕಮ್ಮಿ ಮಾಡ್ಕೋತ 5 ಫೋಟೋ (ಬ್ರಾಕೆಟ್) ತಗದು ಒಂದ್ರಾಗ ಮರ್ಜ್ ಮಾಡ್ರಿ. ನಂದು ಭಾಳ ಅಗಲ ಕಾಣೋ 12 ಎಂಎಂ ಲೆನ್ಸು, 3 ಫ್ಲ್ಯಾಶು, ಕಾರ್ಬನ್ ಟ್ರೈಪಾಡು. ಬೇಕಂದ್ರ ಫೋಟೋ ಹಾಕ್ತೀನಿ.

ಕೊಪ್ಪಳ_ವೈಡ್:
ಮರ್ಜ್ ಮಾಡಿದ್ರ ಬೆಳಕು ನೆರಳು ಸರಿಹೋಗ್ತೈತಿ, ಬಣ್ಣ ಅಲ್ಲ. ಮತ್ತ 12 ಎಂಎಂನಾಗ 10 ಬೈ 10 ರೂಮು ಕ್ರಿಕೆಟ್ ಗ್ರೌಂಡ್ ಆಗ್ತೈತಿ. ನೋಡಾಕ ಬಂದೋರು ಮಂಚ ಎಲ್ಲಿ ಹಾಕಲಿ ಅಂತ ಬೈಕೊಂಡು ಹೋಗ್ತಾರ.

ಹಂಪಿ_ಎಚ್‌ಡಿಆರ್:
ಲೆನ್ಸ್ ಇಲ್ದೋರ ಮಾತು.

ಕೊಪ್ಪಳ_ವೈಡ್:
ಇರಲಿ ಬಿಡ್ರಿ. ಬಳ್ಳಾರಿ, ಕಿಟಕಿ ಹೊರಗ ಏನೈತಿ?

ಬಳ್ಳಾರಿ_ಫ್ರೇಮ್:
ಏನಿರ್ತೈತ್ರಿ, ಬಾಲ್ಕನಿ. ಬಿಸಿಲಿಗೆ ಹಸಿರು ನೆಟ್ ಕಟ್ಯಾರ, ಎಲ್ಲಾರ ಮನಿಯಾಗ ಇರ್ತೈತಲ್ಲ, ಅದ.

ಕೊಪ್ಪಳ_ವೈಡ್:
ಎಪ್ಪಾ, ಇದನ್ನ ಮೊದಲ ಹೇಳಬಾರದೇನು! ಬಿಸಿಲು ನೆಟ್ಟಿನಾಗ ಹಾದು ಹಸಿರಾಗಿ ಬರ್ತೈತಿ, ಒಳಗ ಬಲ್ಬು ಹಳದಿ. ಎರಡು ಬೆಳಕಿಗೆ ಒಂದ ಟಿಂಟ್ ಹಾಕಿದ್ರ ಒಂದು ಕಡಿ ಗುಲಾಬಿ ಆಗದ ಏನಾಗ್ತೈತಿ? ನೆಟ್ ಬಿಚ್ಚಿಸು. ಆಗಲಿಲ್ಲಂದ್ರ ಟ್ರೈಪಾಡ್ ಅಲುಗಾಡಿಸದ ಎರಡು ಫ್ರೇಮ್ ತಗಿ, ಎರಡಕ್ಕೂ ಲೈಟ್ ಆಫ್. ಒಂದು ಹಿಂಗ ಇದ್ದ ಬೆಳಕಿನಾಗ. ಇನ್ನೊಂದು 1/160ರಾಗ, ಫ್ಲ್ಯಾಶ್ ಮೂತಿ ನಿನ್ನ ಹಿಂದಿನ ಬಿಳಿ ಗೋಡಿ ಸೀಲಿಂಗ್ ಕೂಡೋ ಮೂಲಿಗೆ ತಿರುಗಿಸಿ. ಫೋಟೋಶಾಪ್‌ನಾಗ ಫ್ಲ್ಯಾಶ್ ಫ್ರೇಮ್ ಕೆಳಗ, ಮೊದಲಿಂದು ಮ್ಯಾಲ, ಅದರ ಬ್ಲೆಂಡ್ ಮೋಡ್ ಲ್ಯುಮಿನಾಸಿಟಿ (ಬರೇ ಬೆಳಕು-ನೆರಳು ತಗೊಳ್ಳೋದು). ಬಣ್ಣ ಫ್ಲ್ಯಾಶಿಂದ ಬರ್ತೈತಿ, ನೆರಳು ಕಿಟಕಿ ಬೆಳಕಿಂದ.

ಬಳ್ಳಾರಿ_ಫ್ರೇಮ್:
ನೆಟ್ ತಂತಿ ಹಾಕಿ ಬಿಗದಾರಂತ, ಓನರ್ ಒಲ್ಲೆ ಅಂದ್ರು. ಮುಂಜಾನಿ ಹೋಗಿ ಎರಡು ಫ್ರೇಮ್ ತಗದೆ. ಸೀಲಿಂಗ್ ಸುಣ್ಣ ಹೊಡದಂಗ ಬಂತಣ್ಣಾ! ಆದ್ರ ಫ್ಲ್ಯಾಶ್ ಫ್ರೇಮಿನಾಗ ಅಡಗಿಮನಿ ಕರಿ ಗ್ರಾನೈಟ್ ಕಟ್ಟಿ ಮ್ಯಾಲ ಫ್ಲ್ಯಾಶ್ ಚುಕ್ಕಿ ಹೊಳೀತೈತಿ.

ರಾಯಚೂರು_ರಾ:
ಎಲ್‌ಇಡಿ ಬ್ರಾಂಡ್ ಇನ್ನೂ ಹೇಳಲಿಲ್ಲ.