ಹರಿಹರ: ಹೊಳಿ ನೀರು ಇಳಿದೈತಿ, ಬೋರಿನ ನೀರು ಕಾಸಿ ಕುಡೀಬೋದಾ?

ಹೊಳಿದಂಡಿ: ನಮ್ದು ಹರಿಹರದಾಗೆ ಹೊಳಿ ಪಕ್ಕದ ಓಣಿ. ತುಂಗಭದ್ರೆ ಮನಿಯೊಳಗೆ ಮೊಣಕಾಲ ಮಟ ಬಂದು ಈಗ ಇಳಿದೈತಿ, ಸಂಪಿನ ತುಂಬ ಕೆಸರು, ಬೋರ್‌ವೆಲ್ ಕೇಸಿಂಗ್ ಪೂರ್ತಿ ಮುಳುಗಿತ್ತು, ಹಿಂದಿನ ಪಾಯಖಾನಿ ಗುಂಡಿ ಉಕ್ಕಿ ಹರಿದೈತಿ. ಭತ್ತಕ್ಕೆ ಹೊಡೆಯೋ ಎಣ್ಣಿ (ಕೀಟನಾಶಕ) ಡಬ್ಬಿ ಇದ್ದ ಶೆಡ್ಡಿಗೂ ನೀರು ನುಗ್ಗಿತ್ತು. ಬೋರಿನ ನೀರು ನೋಡೋಕೆ ತಿಳಿಯಾಗೇ ಐತಿ, ಕಾಸಿದ್ರೆ ಸಾಕು ಅಂತಾರೆ ಎಲ್ರೂ. ಮನ್ಯಾಗೆ ಅಕ್ಕನ ಕೂಸು ಐತಿ, ಹಾಲಿನ ಪುಡಿ ಕಲಸ್ಬೇಕು. ಏನ್ ಮಾಡೋದ್ರಿ?

ನೀರ್ ಲ್ಯಾಬ್: ಕೂಸಿಗೆ ಆ ನೀರು ಸದ್ಯಕ್ಕೆ ಬ್ಯಾಡ್ರಿ, ಕಾಸಿದ್ರೂ ಬ್ಯಾಡ. ಕುದಿಸಿದ್ರೆ ಸಾಯೋದು ಕ್ರಿಮಿ ಮಾತ್ರ, ಎಣ್ಣಿ, ಡೀಸೆಲ್, ಗೊಬ್ಬರ ಮತ್ತೆ ಗುಂಡಿಯಿಂದ ಸೇರೋ ನೈಟ್ರೇಟ್ ಎಲ್ಲೂ ಹೋಗಲ್ಲ, ನೀರು ಆವಿಯಾದಷ್ಟೂ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ದಾಟಿದ್ರೆ ಸಣ್ಣ ಕೂಸಿಗೆ ರಕ್ತದಾಗೆ ಆಮ್ಲಜನಕ ಕಡಿಮೆಯಾಗಿ ಮೈ ನೀಲಿ ತಿರುಗುತ್ತೆ. ಮೊದ್ಲು ಓಣಿ ಸುತ್ತಿ, ಹೊಳಿ ನೀರು ಯಾವ ಯಾವುದನ್ನ ಮುಟ್ಕೊಂಡು ಬೋರಿನ ತನಕ ಬಂತು ಅಂತ ಬರ್ಕೊಳ್ರಿ. ಗುಂಡಿ, ಶೆಡ್ಡು, ಗ್ಯಾರೇಜು, ಗೊಬ್ಬರದ ಅಂಗಡಿ, ಯಾವ್ದೂ ಬಿಡಬ್ಯಾಡ್ರಿ. ಆ ಎಣ್ಣಿ ಡಬ್ಬಿ ಮೇಲಿನ ಹೆಸ್ರು ಫೋಟೋ ತೆಗೀರಿ, ಹೆಸ್ರಿಲ್ದೆ ಲ್ಯಾಬಿನವ್ರಿಗೆ ಏನ್ ಹುಡುಕ್ಬೇಕು ಅಂತ್ಲೇ ಗೊತ್ತಾಗಲ್ಲ. ಎಚ್‌ಟೂಎಸ್ ಬಾಟ್ಲಿ (ನೀರಿಗೆ ಮಲದ ಕ್ರಿಮಿ ಸೇರೈತಾ ಅಂತ ನೋಡೋ ಪರೀಕ್ಷೆ ಬಾಟ್ಲಿ) ಸಿಕ್ರೆ ನೀರು ತುಂಬಿಸಿ ಇಡ್ರಿ, ಒಂದೆರಡು ದಿನದಾಗೆ ಕಪ್ಪಾದ್ರೆ ಮಲದ ನೀರು ಸೇರಿರೋ ಸಾಧ್ಯತೆ ಜಾಸ್ತಿ. ಆದ್ರೆ ಕಪ್ಪಾಗ್ಲಿಲ್ಲ ಅಂತ ಎಣ್ಣಿ ಇಲ್ಲ ಅನ್ಕೋಬ್ಯಾಡ್ರಿ.

ಹೊನ್ನಾಳಿಯವ: ನಮ್ ಬಾಲರಾಜ್ ಘಾಟ್ ಕಡೆಗೂ ನೀರು ಬರ್ತೈತಿ ಅಣ್ಣಾ, ಅದಕ್ಕೆ ಹೇಳ್ತೀನಿ. ಸಂಪ್ ಪೂರ್ತಿ ಖಾಲಿ ಮಾಡಿ ಗೋಡೆ ತಿಕ್ಕಿ ತೊಳೀರಿ, ಕೆಸರಿನ ಮೇಲೆ ಬ್ಲೀಚಿಂಗ್ ಸುರಿದ್ರೆ ದಂಡ. ಆಮೇಲೆ ತಿಳಿ ನೀರು ತುಂಬಿ 1000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 2.5 ಗ್ರಾಂ, ಬಕೆಟ್ಟಿನಾಗೆ ಕಲಸಿ ಸುಣ್ಣ ತಳಕ್ಕೆ ಕೂತ್ಮೇಲೆ ಮೇಲಿನ ತಿಳಿ ಮಾತ್ರ ಹಾಕಿ ಒಂದು ಗಂಟೆ ಬಿಡ್ರಿ. ಪಾಯಖಾನಿ ತೊಳಿಯೋ ಆಸಿಡ್ ಜೊತಿಗೆ ಅದನ್ನ ಯಾವತ್ತೂ ಸೇರಿಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಎದ್ದು ಉಸಿರೇ ಕಟ್ಟುತ್ತೆ.

ದುರ್ಗದ ಸಿಸ್ಟರ್: 2023ರ ಆಗಸ್ಟ್‌ನಾಗೆ ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ರು, ಅಲ್ಲಿ ನೆರೆ ಕೂಡ ಬಂದಿರ್ಲಿಲ್ಲ. ಅದಕ್ಕೇ ಲ್ಯಾಬ್ ರಿಪೋರ್ಟ್ ಬರ್ಲಿ ಅಂತ ಕಾಯಬ್ಯಾಡ್ರಿ, ಯಾವ ಮನ್ಯಾಗೆ ಯಾರಿಗೆ ವಾಂತಿಭೇದಿ, ಅವ್ರು ಯಾವ ನಲ್ಲಿ ನೀರು ಕುಡುದ್ರು ಅಂತ ದಿನಾ ಆಶಾ ಅಕ್ಕನಿಗೆ ಹೇಳ್ರಿ, ಒಂದೇ ನಲ್ಲಿಯವ್ರಿಗೆ ಒಟ್ಟಿಗೆ ಶುರುವಾದ್ರೆ ಆ ನಲ್ಲಿ ಅವತ್ತೇ ಬಂದ್ ಮಾಡಿಸ್ಬೇಕು. ಭೇದಿ ಶುರುವಾದ ಕೂಡ್ಲೇ ಓಆರ್‌ಎಸ್ ಕುಡಿಸ್ರಿ. ಕೆಸರು ಎತ್ತೋರಿಗೆ ಬೂಟು ಬೇಕೇ ಬೇಕು, ಕಾಲಿನ ಗಾಯದಾಗಿಂದ ಇಲಿ ಜ್ವರ ಹತ್ತುತ್ತೆ. ವಾರ ಎರಡು ವಾರ ಬಿಟ್ಟು ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಅಂದ್ರೆ ನೆರೆ ನೀರಿನಾಗೆ ಇಳಿದಿದ್ವಿ ಅಂತ ಡಾಕ್ಟ್ರಿಗೆ ಹೇಳ್ರಿ.

ಹೊಳಿದಂಡಿ: ಕೂಸಿಗೆ ಬ್ಯಾರೆ ಕಡಿಂದ ಕ್ಯಾನ್ ನೀರು ತರ್ಸಿದ್ವಿ. ಡಬ್ಬಿ ಫೋಟೋ ತೆಗ್ದೀನಿ, ಎರಡರ ಲೇಬಲ್ ಕಿತ್ತೋಗೈತಿ, ಶೆಡ್ಡಿನವ್ರಿಗೆ ಬಿಲ್ ಹುಡ್ಕೋಕೆ ಹೇಳೀನಿ.