ಬಿಡಿಎಸ್ (ಹಲ್ಲಿನ ಡಾಕ್ಟರ್ ಪದವಿ) ಸೀಟು ಸಿಕ್ಕಿದೆ, ಖರ್ಚು ಹೇಗೆ ನಿಭಾಯಿಸಿದಿರಿ?

ಬಿಳಿಗಿರಿ ಅಣ್ಣ: ನಾವು ಸೋಲಿಗರು. ತಂಗಿಗೆ ಎಸ್‌ಟಿ ಕೋಟಾದಲ್ಲಿ ಬಿಡಿಎಸ್ ಸೀಟು ಸಿಕ್ಕಿದೆ. ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಾರೆ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಕೈಗೆ ಬರುವ ತನಕ ನೀವೆಲ್ಲ ಹೇಗೆ ನಡೆಸಿದಿರಿ?

ಕೋಟೆ ಹುಡುಗಿ: ನಾನು ಎಚ್.ಡಿ. ಕೋಟೆ ಕಡೆಯ ಜೇನುಕುರುಬರವಳು, ಈಗ ಇಂಟರ್ನ್. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದೆ, ಮಂಜೂರೂ ಆಯ್ತು, ದುಡ್ಡು ಮಾತ್ರ ಬರಲಿಲ್ಲ. ಆಧಾರ್ ಜೋಡಣೆಯಾಗಿದ್ದು ಹೈಸ್ಕೂಲಿನಲ್ಲಿ ಮಾಡಿಸಿದ ಹಳೇ ಖಾತೆಗೆ. ಅದು ಬಳಸದೆ ನಿಂತುಹೋಗಿತ್ತು. ಏಳು ಸಲ ಬ್ಯಾಂಕಿಗೆ ಅಲೆದೆ, ಏಳು ದಿನದ ಕ್ಲಾಸ್ ಹೋಯ್ತು. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ದಾಖಲೆ, ಬದಲಾದ ಮೇಲೆ ಬಂತು, ಹನ್ನೊಂದು ತಿಂಗಳು ತಡವಾಗಿ.

ಫೀಸಿಗಿಂತ ಜಾಸ್ತಿ ಕಾಡಿದ್ದು ಸಾಮಾನು. ಮೊದಲ ವರ್ಷ ಹಲ್ಲಿನ ಆಕಾರ ಕೆತ್ತಲು ಮೇಣದ ಬ್ಲಾಕು, ಕಾರ್ವರ್. ಎರಡನೇ ವರ್ಷ ಟೈಪೋಡಾಂಟ್ (ಅಭ್ಯಾಸಕ್ಕೆ ಹಲ್ಲುಗಳ ಮಾದರಿ), ಏರೋಟರ್ (ಹಲ್ಲು ಕೊರೆಯುವ ಯಂತ್ರ). ಏರೋಟರ್ ಸೀನಿಯರ್ ಹತ್ತಿರ 1,800ಕ್ಕೆ ತಗೊಂಡೆ. ಮೂರೇ ತಿಂಗಳಿಗೆ ಬೇರಿಂಗ್ ಹೋಯ್ತು, ರಿಪೇರಿಗೆ ಮತ್ತೆ 900. ಕೊರೆಯುವುದು ಕಲಿಯಲು ಕಿತ್ತ ಹಲ್ಲನ್ನೂ ನಾವೇ ತರಬೇಕಿತ್ತು. ಹಾರ್ಲಿಕ್ಸ್ ಬಾಟಲಿ ಹಿಡಿದು ಕ್ಲಿನಿಕ್ ಬಾಗಿಲುಗಳಲ್ಲಿ ನಿಂತಿದ್ದೇನೆ. ರಜೆಗೆ ಮನೆಗೆ ಒಯ್ದಾಗ ಅಜ್ಜಿ ಆ ಬಾಟಲಿ ನೋಡಿ ರಾತ್ರಿ ಊಟ ಮಾಡಲಿಲ್ಲ. ಸ್ಕಾಲರ್‌ಶಿಪ್ಪಿನ ನಿರ್ವಹಣೆ ಭತ್ಯೆ ಈ ಖರ್ಚಿನ ಹತ್ತಿರಕ್ಕೂ ಬರಲಿಲ್ಲ.

ಚಳ್ಳಕೆರೆ ಅಪ್ಪ: ನಿಮಗೆ ತಡವಾಗಿಯಾದರೂ ಬಂತಲ್ಲ. ನಮ್ಮ ಆದಾಯ 2.5 ಲಕ್ಷದ ಮಿತಿಗಿಂತ ಸ್ವಲ್ಪ ಜಾಸ್ತಿ, ಅಷ್ಟಕ್ಕೇ ಕೈತಪ್ಪಿತು. ಶಿಕ್ಷಣ ಸಾಲಕ್ಕೆ ಹೋದೆ. 4 ಲಕ್ಷದವರೆಗೆ ಜಾಮೀನು ಬೇಡ ಅಂತ ನಿಯಮ, ಮ್ಯಾನೇಜರ್ ಪಹಣಿ ಕೇಳಿದರು. ಕೊಟ್ಟೆ. ಅಣ್ಣತಮ್ಮಂದಿರ ಸಹಿ ಕೇಳಿದರು. ಅದು ಆಗಲಿಲ್ಲ. ಹೆಂಡತಿಯ ಸರ ಅಡ ಇಟ್ಟೆ. ಮಗ ಈಗ ಬೇರೆಯವರ ಕ್ಲಿನಿಕ್ಕಿನಲ್ಲಿ 15 ಸಾವಿರಕ್ಕೆ ದುಡಿಯುತ್ತಾನೆ. ಸರ ಇನ್ನೂ ಅಡವಿನಲ್ಲೇ ಇದೆ.

ಕಾರ್ಕಳ ಲ್ಯಾಬ್: ಅದಕ್ಕೇ ನಾನು ಡೆಂಟಲ್ ಮೆಕ್ಯಾನಿಕ್ (ಕೃತಕ ಹಲ್ಲು ತಯಾರಿಸುವ) ಡಿಪ್ಲೊಮಾ ಮಾಡಿದ್ದು. ಎರಡೇ ವರ್ಷ. ಕೊರಗರ ಮನೆಯ ಹುಡುಗ ನಾನು, ಈಗ ಸ್ವಂತ ಲ್ಯಾಬ್ ಇದೆ. ಸುಮ್ನೆ ಐದು ವರ್ಷ ಹಾಳು ಮಾಡಿಸಬೇಡಿ.

ಕೋಟೆ ಹುಡುಗಿ: ಹಾಳು ಅಂತೀರಲ್ಲ ಅಣ್ಣ? ನಮ್ಮ ಹಾಡಿಯಲ್ಲಿ ಹಲ್ಲು ನೋವು ಬಂದರೆ ಹೊಗೆಸೊಪ್ಪು ಒತ್ತಿಕೊಂಡು ಕೂರುತ್ತಾರೆ. ಅವರಿಗೆ ಬೇಕಾಗಿರುವುದು ಡಾಕ್ಟರು.

ಕಾರ್ಕಳ ಲ್ಯಾಬ್: ಹಾಗಾದರೆ ಹಲ್ಲು ಸೆಟ್ ಮಾಡುವ ನನ್ನ ಕೆಲಸ ಕೀಳಾ? ನಮ್ಮ ಕೇರಿಯಲ್ಲಿ ಬಾಡಿಗೆ ಕಟ್ಟಿ ಅಂಗಡಿ ಇಟ್ಟವನು ನಾನೇ ಮೊದಲು.

ಕೋಟೆ ಹುಡುಗಿ: ಹಾಗೆ ನಾನು ಅಂದೇ ಇಲ್ಲ. ನನ್ನ ಸಂಕಟ ಬೇರೆ. ನಾನು ಸೇರಿದಾಗ ಎಸ್‌ಟಿ ಮೀಸಲಾತಿ ಶೇ. 3 ಇತ್ತು, 2022ರಲ್ಲಿ ಶೇ. 7 ಆಯ್ತು. ಆಮೇಲೂ ನಮ್ಮ ಕಾಲೇಜಿಗೆ ಹಾಡಿಯಿಂದ ಒಬ್ಬರೂ ಬಂದಿಲ್ಲ. ಬಂದವರೆಲ್ಲ ವಾಲ್ಮೀಕಿ ನಾಯಕ ಸಮುದಾಯದ ಮಕ್ಕಳು.

ಚಳ್ಳಕೆರೆ ಅಪ್ಪ: ನೋಡಮ್ಮ, ನಾವೂ ನಾಯಕರೇ, ಆದರೆ ನನ್ನ ಮಗ ಯಾರ ಸೀಟೂ ಕಿತ್ತುಕೊಂಡಿಲ್ಲ. ಕುರಿ ಕಾಯುತ್ತಾ ಓದಿದವನು. ಅಡ ಇಟ್ಟ ಸರದ ಬಡ್ಡಿ ಕಟ್ಟುತ್ತಿರುವುದು ನಾನು.

ಕೋಟೆ ಹುಡುಗಿ: ನಿಮ್ಮ ಹತ್ತಿರ ಅಡ ಇಡಲು ಸರ ಇತ್ತು.

ಬಿಳಿಗಿರಿ ಅಣ್ಣ: ಅಕ್ಕ, ಆ ಏರೋಟರ್ ಇನ್ನೂ ಇದೆಯಾ?